ಮನೆಮಂದಿಗೆಲ್ಲ ಒಂದೊಂದು ತೊಂದರೆ: ಸೀಲಿಯಾಕ್ ಇರಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಹೊನ್ನಾವರದಿಂದ ಹಿಡಿದು ಶಿರಸಿ, ಯಲ್ಲಾಪುರದವರೆಗಿನ ಮನೆಗಳಿಂದ ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಸೀಲಿಯಾಕ್ ಎಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ. ಪೂರ್ತಿ ಓದಲು ಪುರಸೊತ್ತಿಲ್ಲದವರು ಇದೊಂದನ್ನು ನೆನಪಿಡಿ: ಪರೀಕ್ಷೆಗೆ ರಕ್ತ ಕೊಡುವವರೆಗೆ ಗೋಧಿ ಬಿಡಬೇಡಿ.

## ಶುರುವಿನ ಪ್ರಶ್ನೆಗಳು

ಅಪ್ಪಂಗೆ ಶುಗರ್, ಆಯಿಗೆ ಥೈರಾಯ್ಡ್, ತಂಗಿಗೆ ರಕ್ತ ಕಮ್ಮಿ, ನನಗೆ ಹೊಟ್ಟೆ ಉಬ್ಬರ. ಎಲ್ಲ ಒಂದೇ ಕಾಯಿಲೆಯಿಂದ ಬಂದದ್ದಾ?

ಇರಬಹುದು, ಆದರೆ ಹೆಚ್ಚಿನ ಮನೆಗಳಲ್ಲಿ ಹಾಗಿರುವುದಿಲ್ಲ. ಒಂದೊಂದಾಗಿ ಬಿಡಿಸಿ ನೋಡಿ. ನಡುವಯಸ್ಸಿನಲ್ಲಿ ಬರುವ ಟೈಪ್ 2 ಶುಗರ್‌ಗೂ ಸೀಲಿಯಾಕ್‌ಗೂ ನಂಟಿಲ್ಲ. ಎಳೆಯ ವಯಸ್ಸಿಗೇ ಇನ್ಸುಲಿನ್ ಹಿಡಿಸುವ ಟೈಪ್ 1ಕ್ಕೆ ನಂಟಿದೆ. ಥೈರಾಯ್ಡ್‌ನಲ್ಲೂ ಹಾಗೆಯೇ. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಹಾಶಿಮೋಟೋ ಬಗೆಯದ್ದಾದರೆ ಸೀಲಿಯಾಕ್ ಜೊತೆಗಿರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ರಕ್ತ ಕಮ್ಮಿಯಾಗಲು ನಮ್ಮ ಕಡೆ ಹತ್ತು ಕಾರಣಗಳಿವೆ, ಸೀಲಿಯಾಕ್ ಅದರಲ್ಲಿ ಒಂದು.

ಸೀಲಿಯಾಕ್ ರಕ್ತಸಂಬಂಧದಲ್ಲಿ ಹರಿಯುವ ಕಾಯಿಲೆ. ಹಾಗಾಗಿ ಯಾರಿಗೆ ಯಾರು ಸಂಬಂಧ ಎನ್ನುವುದೇ ದೊಡ್ಡ ಸುಳಿವು. ಅತ್ತೆಗೂ ಸೊಸೆಗೂ, ಮನೆಯಲ್ಲಿ ಉಳಿದುಕೊಂಡ ಕೆಲಸದವರಿಗೂ ಒಟ್ಟಿಗೇ ಹೊಟ್ಟೆ ಕೆಡುತ್ತಿದ್ದರೆ ವಂಶವಾಹಿ ಹುಡುಕುವ ಮೊದಲು ಬಾವಿ ನೀರು ನೋಡಿ. ಮಳೆಗಾಲದಲ್ಲಿ ಹೊಳೆಯ, ತೋಟದ ನೀರು ಬಾವಿಗಿಳಿದು ಜಿಯಾರ್ಡಿಯಾದಂಥ ಪರೋಪಜೀವಿಗಳು ಸೇರುತ್ತವೆ. ಅವೂ ಉಬ್ಬರ, ನೊರೆನೊರೆ ಭೇದಿ, ತೂಕ ಇಳಿಯುವುದು ಎಲ್ಲವನ್ನೂ ತರುತ್ತವೆ. ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ, ಮಲಪರೀಕ್ಷೆ ಮಾಡಿಸಿ.

ವೈದ್ಯರ ಹತ್ತಿರ ಹೋಗುವಾಗ ಒಂದು ಹಾಳೆ ಬರೆದೊಯ್ಯಿರಿ. ಪ್ರತಿಯೊಬ್ಬರ ವಯಸ್ಸು, ತೊಂದರೆ, ಅದು ಶುರುವಾದ ವರ್ಷ, ಕೊನೆಯ ಹಿಮೋಗ್ಲೋಬಿನ್ ಮತ್ತು ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯ ಸಂಖ್ಯೆ), ನುಂಗುತ್ತಿರುವ ಮಾತ್ರೆ, ದಿನಕ್ಕೆ ತಿನ್ನುವ ಗೋಧಿ ಎಷ್ಟು ಎಂದು ಬರೆದಿರಲಿ. ಎಲ್ಲರ ರಕ್ತ ಒಟ್ಟಿಗೇ ತೆಗೆಸುವ ಅಗತ್ಯವಿಲ್ಲ. ಹೆಚ್ಚು ಸುಳಿವು ಯಾರಲ್ಲಿ ಇದೆಯೋ ಅವರಿಂದ ಶುರು ಮಾಡಿದರೆ ಸಾಕು.

ಸೀಲಿಯಾಕ್ ಅಂದ್ರೆ ಗೋಧಿ ಅಲರ್ಜಿನಾ?

ಅಲ್ಲ. ಅಲರ್ಜಿಯಾದರೆ ತಿಂದ ನಿಮಿಷಗಳಲ್ಲಿ ಅಥವಾ ಒಂದೆರಡು ತಾಸಿನೊಳಗೆ ದದ್ದು, ತುಟಿ ಬಾವು, ಉಬ್ಬಸ ಬರುತ್ತದೆ. ಸೀಲಿಯಾಕ್‌ನಲ್ಲಿ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಸಣ್ಣ ಕರುಳು ತಲುಪಿದಾಗ ದೇಹದ ಸೈನ್ಯ ಕರುಳಿನ ಒಳಗೋಡೆಯನ್ನೇ ಹೊಡೆಯುತ್ತದೆ. ಆ ಗೋಡೆಯ ತುಂಬ ಬೆರಳಿನಾಕಾರದ ಸೂಕ್ಷ್ಮ ಚಾಚುಗಳಿರುತ್ತವೆ. ಆಹಾರದ ಸಾರ ಹೀರುವುದು ಅವೇ. ತಿಂಗಳು, ವರ್ಷ ಕಳೆದಂತೆ ಅವು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣ, ಫೋಲಿಕ್ ಆಮ್ಲ, ಕ್ಯಾಲ್ಸಿಯಂ, ವಿಟಮಿನ್ ಡಿ ದೇಹಕ್ಕೆ ಸೇರದೆ ಹೋಗುತ್ತವೆ. ಒಬ್ಬರಿಗೆ ರಕ್ತಹೀನತೆ, ಇನ್ನೊಬ್ಬರಿಗೆ ಮೂಳೆ ನೋವು, ಮಗುವಿಗೆ ಎತ್ತರ ಸಾಲದು ಎಂದು ಬೇರೆ ಬೇರೆ ರೂಪ ಕಾಣುವುದು ಇದರಿಂದ.

ಗೋಧಿಗೂ ಇದಕ್ಕೂ ನಂಟು ಕಂಡುಕೊಟ್ಟವರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಲ್ಲಿ ಬ್ರೆಡ್ಡಿಗೆ ಬರ ಬಂದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮರಳಿ ಬಂದಾಗ ಮತ್ತೆ ಕೆಟ್ಟರು.

ನಾವು ಅನ್ನ, ಗಂಜಿ ಉಣ್ಣುವ ಜನ. ಇದು ಉತ್ತರದವರ ಕಾಯಿಲೆ ಅಲ್ವಾ?

ಸದ್ಯಕ್ಕೆ ಹೌದು. ದೇಶದ ಮೂರು ಭಾಗಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರದಲ್ಲಿ ನೂರಕ್ಕೆ 1.23 ಜನರ, ದಕ್ಷಿಣದಲ್ಲಿ ನೂರಕ್ಕೆ 0.10 ಜನರ ರಕ್ತದಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು (ದೇಹದ ಸೈನ್ಯ ತಯಾರಿಸುವ ಪ್ರೋಟೀನುಗಳು) ಕಂಡುಬಂದವು. ಆದರೆ ಸೀಲಿಯಾಕ್ ಬರಲು ಬೇಕಾದ ವಂಶವಾಹಿ ಇರುವವರ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಆಗಿತ್ತು, ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಎದ್ದುಕಂಡ ವ್ಯತ್ಯಾಸ ತಟ್ಟೆಯದ್ದು: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ.

ನಮ್ಮ ತಟ್ಟೆ ಬದಲಾಗುತ್ತಿದೆ ಎನ್ನುವುದನ್ನು ಮರೆಯಬಾರದು. ಶುಗರ್ ಬಂತೆಂದು ರಾತ್ರಿ ಗಂಜಿಯ ಜಾಗಕ್ಕೆ ಚಪಾತಿ ಬಂದಿದೆ. ಬೆಳಿಗ್ಗೆ ತೆಳ್ಳೇವಿನ ಬದಲು ಉಪ್ಪಿಟ್ಟು, ಸಂಜೆ ಬನ್ಸ್ ಇಲ್ಲವೇ ಬಿಸ್ಕೀಟು. ಕಾರವಾರದ ಕಡೆ ಪಾವ್ ಮೊದಲಿನಿಂದಲೂ ಇದೆ. ಆದ್ದರಿಂದ ‘ನಮ್ಮ ಕಡೆ ಇದು ಬರುವುದೇ ಇಲ್ಲ’ ಎಂದು ಕೈಬಿಡುವುದೂ ತಪ್ಪು, ಪ್ರತಿಯೊಂದು ಸುಸ್ತಿಗೂ ಇದನ್ನೇ ಹೊಣೆ ಮಾಡುವುದೂ ತಪ್ಪು.

ಭೇದಿಯೇ ಆಗ್ತಿಲ್ಲ. ಆದ್ರೂ ಸೀಲಿಯಾಕ್ ಇರಬಹುದಾ?

ಖಂಡಿತ ಇರಬಹುದು. ದೊಡ್ಡವರಲ್ಲಿ ಎಷ್ಟೋ ಮಂದಿಗೆ ಭೇದಿ ಇರುವುದಿಲ್ಲ, ಕೆಲವರಿಗೆ ಮಲಬದ್ಧತೆ ಇರುತ್ತದೆ. ಅನುಮಾನ ಹುಟ್ಟಿಸಬೇಕಾದವು ಬೇರೆಯೇ ಇವೆ. ಕಬ್ಬಿಣದ ಮಾತ್ರೆಗೆ ಜಗ್ಗದ ರಕ್ತಹೀನತೆ, ವಯಸ್ಸಿಗೆ ತಕ್ಕಷ್ಟು ಬೆಳೆಯದ ಅಥವಾ ತಡವಾಗಿ ಮೈನೆರೆಯುವ ಮಕ್ಕಳು, ಎಳೆವಯಸ್ಸಿನಲ್ಲೇ ಟೊಳ್ಳಾದ ಮೂಳೆ, ಮರುಕಳಿಸುವ ಬಾಯಿಹುಣ್ಣು, ಹಲ್ಲಿನ ಹೊರಪದರದಲ್ಲಿ ಎರಡೂ ಬದಿ ಒಂದೇ ಥರದ ಗುಳಿ, ಕುಡಿತವಿಲ್ಲದೆಯೂ ಏರಿದ ಲಿವರ್ ಎನ್‌ಜೈಮ್, ಮತ್ತೆ ಮತ್ತೆ ಗರ್ಭಪಾತ, ಕೈಕಾಲು ಜೋಮು. ಮೊಣಕೈ, ಮೊಣಕಾಲು, ಕುಂಡೆಯ ಮೇಲೆ ಎರಡೂ ಬದಿಯಲ್ಲಿ ವಿಪರೀತ ತುರಿಸುವ ಸಣ್ಣ ನೀರುಗುಳ್ಳೆ ಏಳುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಅದು ಸೀಲಿಯಾಕ್‌ನದೇ ಚರ್ಮರೂಪ ಆಗಿರಬಹುದು, ಗುಳ್ಳೆಯ ಪಕ್ಕದ ಚರ್ಮದ ಚೂರು ಪರೀಕ್ಷಿಸಿದರೆ ಗೊತ್ತಾಗುತ್ತದೆ.

ಇನ್ನೊಂದು ಸುಳಿವು ಥೈರಾಯ್ಡ್ ಮಾತ್ರೆಯದ್ದು. ಖಾಲಿ ಹೊಟ್ಟೆಯಲ್ಲಿ, ಚಾ ಕಾಫಿಗಿಂತ ಅರ್ಧ ತಾಸು ಮೊದಲು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಂದ ನಾಲ್ಕು ತಾಸು ದೂರವಿಟ್ಟು ಸರಿಯಾಗಿ ನುಂಗಿದರೂ ಡೋಸು ಏರುತ್ತಲೇ ಹೋಗುತ್ತಿದ್ದರೆ ಅದು ಕರುಳು ಹೀರುತ್ತಿಲ್ಲ ಎಂಬುದರ ಲಕ್ಷಣ ಇರಬಹುದು.

ತಂಗಿ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 9 ದಾಟಲ್ಲ. ಇದು ಸೀಲಿಯಾಕೇ ಇರಬೇಕಲ್ಲ?

ಅಲ್ಲಿಗೆ ಹೋಗುವ ಮೊದಲು ದಾಟಬೇಕಾದ ಮೆಟ್ಟಿಲುಗಳಿವೆ. ಮಾತ್ರೆ ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯಾ? ವಾಕರಿಕೆ ಬರುತ್ತದೆಂದು ವಾರಕ್ಕೆರಡು ದಿನ ಮಾತ್ರ ನುಂಗುವವರು ಬಹಳ. ಚಾ ಜೊತೆ ನುಂಗಿದರೆ ಕಬ್ಬಿಣ ಸರಿಯಾಗಿ ಹಿಡಿಯುವುದಿಲ್ಲ, ಒಂದೆರಡು ತಾಸು ಅಂತರ ಬೇಕು. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಮುಟ್ಟಿನ ರಕ್ತಸ್ರಾವ ಏಳು ದಿನ ಮೀರುತ್ತಿದ್ದರೆ, ಗಡ್ಡೆಗಟ್ಟಿ ಹೋಗುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ಮೊದಲು ಕಾಣಬೇಕು.

ನಂತರ ಕೊಕ್ಕೆಹುಳ. ಬರಿಗಾಲಲ್ಲಿ ಅಡಿಕೆ ತೋಟ, ಗದ್ದೆ ಓಡಾಡುವವರಿಗೆ ಅದು ಪಾದದ ಚರ್ಮ ತೂರಿ ಒಳಗೆ ಹೋಗುತ್ತದೆ, ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳದ ಮಾತ್ರೆ 1ರಿಂದ 19 ವರ್ಷದವರಿಗಷ್ಟೇ. ತೋಟದಲ್ಲಿ ದುಡಿಯುವ ದೊಡ್ಡವರು ಬಿಟ್ಟುಹೋಗುತ್ತಾರೆ. ದೊಡ್ಡವರಿಗೆ ಅಲ್ಬೆಂಡಜೋಲ್ 400 ಮಿಲಿಗ್ರಾಂ ರೂಢಿಯ ಡೋಸು. ಬಸುರಿನ ಮೊದಲ ಮೂರು ತಿಂಗಳು ಕೊಡುವಂತಿಲ್ಲ, ಹಾಗಾಗಿ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಮೂರನೆಯದು ಥಲಸ್ಸೀಮಿಯಾ ವಾಹಕತನ, ಅಂದರೆ ಹುಟ್ಟಿನಿಂದಲೇ ಬಂದ ರಕ್ತದ ವಂಶವಾಹಿ ದೋಷ. ರಕ್ತದ ರಿಪೋರ್ಟಿನಲ್ಲಿ ಎಂಸಿವಿ (ಕೆಂಪುಕಣದ ಗಾತ್ರ) ತೀರ ಕಡಿಮೆ, ಆದರೆ ಕೆಂಪುಕಣಗಳ ಎಣಿಕೆ 50 ಲಕ್ಷದ ಮೇಲೆ, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಸರಿಯಾಗಿದೆ ಎಂದಾದರೆ ಇದರ ಅನುಮಾನ. ಹಿಮೋಗ್ಲೋಬಿನ್ ಎ2 ಪರೀಕ್ಷೆಯಲ್ಲಿ ತಿಳಿಯುತ್ತದೆ. ಇವರಿಗೆ ಕಬ್ಬಿಣ ಕೊಟ್ಟರೂ ಪ್ರಯೋಜನವಿಲ್ಲ. ಫೆರಿಟಿನ್ ಕೆಳಗಿದೆ, ಮೇಲಿನ ಯಾವ ಕಾರಣವೂ ಸಿಗಲಿಲ್ಲ ಎಂದಾಗ ಸೀಲಿಯಾಕ್ ಪರೀಕ್ಷೆ ಮಾಡಿಸಲೇಬೇಕು. ನಲವತ್ತೈದು ದಾಟಿದವರಲ್ಲಿ ಇದರ ಜೊತೆ ಹೊಟ್ಟೆ, ದೊಡ್ಡಕರುಳಿನಲ್ಲಿ ಒಳಗೊಳಗೇ ರಕ್ತ ಸೋರುತ್ತಿದೆಯೇ ಎಂದೂ ನೋಡಬೇಕು.

## ಪರೀಕ್ಷೆಯ ಪ್ರಶ್ನೆಗಳು

ಒಂದು ತಿಂಗಳು ಗೋಧಿ ಬಿಟ್ಟು ನೋಡಿದ್ರೆ ಗೊತ್ತಾಗಲ್ವಾ? ಟೆಸ್ಟಿಗೆ ದುಡ್ಡು ಯಾಕೆ?

ಗೊತ್ತಾಗುವುದಿಲ್ಲ. ಗೋಧಿ ಬಿಟ್ಟರೆ ಬಿಸ್ಕೀಟು, ಬನ್ಸ್, ಗೋಬಿ ಮಂಚೂರಿ ಎಲ್ಲ ತಾನಾಗಿ ಬಿಟ್ಟಂತಾಗಿ ಯಾರಿಗಾದರೂ ಹೊಟ್ಟೆ ಹಗುರಾಗುತ್ತದೆ. ಅದರಿಂದ ಸೀಲಿಯಾಕ್ ಸಾಬೀತಾಗದು. ಅತ್ತ ಗೋಧಿ ನಿಂತ ಮೇಲೆ ರಕ್ತದಲ್ಲಿನ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಗುಣವಾಗತೊಡಗುತ್ತದೆ. ಆಮೇಲೆ ಮಾಡಿಸಿದ ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ಇದು ಜೀವನಪೂರ್ತಿ ಪಥ್ಯದ ಕಾಯಿಲೆ, ಮಕ್ಕಳು ಒಡಹುಟ್ಟಿದವರಿಗೂ ತಪಾಸಣೆ ಬೇಕಾಗುವ ಕಾಯಿಲೆ. ಅಂದಾಜಿನ ಮೇಲೆ ಅಷ್ಟು ದೊಡ್ಡ ನಿರ್ಧಾರ ಸಲ್ಲದು.

ಲ್ಯಾಬಿನಲ್ಲಿ ಏನಂತ ಕೇಳಬೇಕು?

‘ಟಿಟಿಜಿ ಐಜಿಎ’ ಮತ್ತು ‘ಟೋಟಲ್ ಐಜಿಎ’, ಎರಡೂ ಒಟ್ಟಿಗೆ. ಮೊದಲನೆಯದು ಸೀಲಿಯಾಕ್‌ನಲ್ಲಿ ಏರುವ ಪ್ರತಿಕಾಯದ ಅಳತೆ, ಎರಡನೆಯದು ಐಜಿಎ ಬಗೆಯ ಪ್ರತಿಕಾಯ ದೇಹದಲ್ಲಿ ಒಟ್ಟು ಎಷ್ಟಿದೆ ಎಂಬುದು. ಉಪವಾಸ ಬೇಕಿಲ್ಲ. ಎರಡನೆಯದನ್ನು ಬಿಡುವುದೇ ಸಾಮಾನ್ಯವಾಗಿ ಆಗುವ ತಪ್ಪು. ಸೀಲಿಯಾಕ್ ಇರುವ ನೂರರಲ್ಲಿ ಎರಡು ಮೂರು ಜನರಿಗೆ ಐಜಿಎ ಪ್ರತಿಕಾಯ ತಯಾರಾಗುವುದೇ ಇಲ್ಲ. ಅವರಿಗೆ ಕಾಯಿಲೆ ಜೋರಾಗಿದ್ದರೂ ಟಿಟಿಜಿ ಐಜಿಎ ನೆಗೆಟಿವ್ ಬರುತ್ತದೆ. ಟೋಟಲ್ ಐಜಿಎ ತೀರ ಕಡಿಮೆ ಬಂದರೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆ (ಡಿಜಿಪಿ ಐಜಿಜಿ ಅಥವಾ ಟಿಟಿಜಿ ಐಜಿಜಿ) ಮಾಡಿಸಬೇಕು.

ಊರಿನ ಲ್ಯಾಬಿನಲ್ಲಿ ಇದು ಆಗದಿದ್ದರೂ ರಕ್ತ ತೆಗೆದು ಹೊರಗೆ ಕಳಿಸುವ ವ್ಯವಸ್ಥೆ ಇರುತ್ತದೆ, ವಿಚಾರಿಸಿ. ರಿಪೋರ್ಟ್ ಬಂದಾಗ ಸಂಖ್ಯೆಯನ್ನು ಅದೇ ಲ್ಯಾಬಿನ ಮಿತಿಗೆ ಹೋಲಿಸಿ ಓದಬೇಕು. ಮಿತಿ 10 ಇರುವಲ್ಲಿ 14 ಬಂದರೆ ಅದು ಅಲ್ಪ ಏರಿಕೆ, ಬೇರೆ ಕಾರಣದಿಂದಲೂ ಬರಬಹುದು. 100 ದಾಟಿದರೆ ಸೀಲಿಯಾಕ್ ಎನ್ನುವುದಕ್ಕೆ ಬಲ ಬಹಳ. ನೂರಾರು ಆಹಾರಗಳಿಗೆ ‘ಸೆನ್ಸಿಟಿವಿಟಿ’ ಹೇಳುವ ಐಜಿಜಿ ಪ್ಯಾಕೇಜುಗಳಿಗೆ ದುಡ್ಡು ಹಾಕಬೇಡಿ. ಅವು ಸೀಲಿಯಾಕ್ ಪತ್ತೆಗೆ ಉಪಯೋಗಕ್ಕಿಲ್ಲ.

ಆರು ತಿಂಗಳಿಂದ ಗೋಧಿ ಮುಟ್ಟಿಲ್ಲ. ಈಗೇನು ಮಾಡೋದು?

ವೈದ್ಯರ ಜೊತೆ ಮಾತಾಡಿ ಗೋಧಿಯನ್ನು ಮರಳಿ ಶುರು ಮಾಡಿ ಪರೀಕ್ಷಿಸಬೇಕಾಗುತ್ತದೆ. ಸುಮಾರು 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಹತ್ತಿರಹತ್ತಿರ 3 ಗ್ರಾಂ ಗ್ಲುಟನ್ ಇರುತ್ತದೆ. ದಿನವೂ ಒಂದೆರಡು ಚಪಾತಿಯಂತೆ ಆರರಿಂದ ಎಂಟು ವಾರ ತಿಂದು ಆಮೇಲೆ ರಕ್ತ ಕೊಡುವುದು ರೂಢಿ. ಹೊಟ್ಟೆ ತಾಳದಿದ್ದರೆ ಎರಡು ವಾರಕ್ಕೇ ಪರೀಕ್ಷೆ ಮಾಡುವುದುಂಟು. ಬಸುರಿಯರು, ಬೆಳೆಯುವ ಮಕ್ಕಳು ಇದನ್ನು ಮನೆಮಟ್ಟಿಗೆ ಮಾಡಿಕೊಳ್ಳಕೂಡದು.

ಅನ್ನವೇ ಮುಖ್ಯವಾದ ನಮ್ಮ ಮನೆಗಳಿಗೆ ಇನ್ನೊಂದು ಮಾತು. ಪಥ್ಯವೇನೂ ಮಾಡದೆಯೂ ವಾರಕ್ಕೊಮ್ಮೆ ಮಾತ್ರ ಗೋಧಿ ತಿನ್ನುವವರ ಟೆಸ್ಟ್ ನೆಗೆಟಿವ್ ಬಂದರೆ ಅದನ್ನು ಪೂರ್ತಿ ನಂಬುವಂತಿಲ್ಲ. ಎಷ್ಟು ಗೋಧಿ ತಿನ್ನುತ್ತೀರೆಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಎಂಡೋಸ್ಕೋಪಿ ಬೇಕೇ ಬೇಕಾ? ಮಗುವಿಗೆ ಅದನ್ನೆಲ್ಲ ಮಾಡಿಸೋಕೆ ಹೆದರಿಕೆ.

ಬಾಯಿಯಿಂದ ತೆಳು ಕೊಳವೆ ಇಳಿಸಿ ಕರುಳು ನೋಡುವ ಈ ಪರೀಕ್ಷೆ ದೊಡ್ಡವರಿಗೆ ಸಾಮಾನ್ಯವಾಗಿ ಬೇಕು. ಮಕ್ಕಳಲ್ಲಿ ಟಿಟಿಜಿ ಐಜಿಎ ಮಿತಿಗಿಂತ ಹತ್ತು ಪಟ್ಟು ಅಥವಾ ಹೆಚ್ಚಿದ್ದು, ಬೇರೆ ದಿನ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಪ್ರತಿಕಾಯ ಪರೀಕ್ಷೆಯೂ ಪಾಸಿಟಿವ್ ಬಂದರೆ ಎಂಡೋಸ್ಕೋಪಿ ಇಲ್ಲದೆಯೇ ನಿರ್ಧರಿಸಬಹುದೆಂದು ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ 2020ರ ಮಾರ್ಗಸೂಚಿ ಹೇಳುತ್ತದೆ. ಈ ತೀರ್ಮಾನ ಮಕ್ಕಳ ಜೀರ್ಣಾಂಗ ತಜ್ಞರದ್ದು, ಪೋಷಕರದ್ದಲ್ಲ.

ಮಾಡಿಸುವುದಾದರೆ ಒಂದು ವಿಷಯ ಮೊದಲೇ ಕೇಳಿಕೊಳ್ಳಿ. ಸಣ್ಣ ಕರುಳಿನ ಹಾನಿ ಅಲ್ಲಲ್ಲಿ ತೇಪೆಯಂತೆ ಇರಬಹುದಾದ್ದರಿಂದ ಡುವೋಡಿನಮ್‌ನ (ಸಣ್ಣ ಕರುಳು ಶುರುವಾಗುವ ತುಂಡಿನ) ಎರಡನೇ ಭಾಗದಿಂದ ಕನಿಷ್ಠ ನಾಲ್ಕು, ಮೊದಲ ಭಾಗದಿಂದ ಒಂದೆರಡು ಚೂರು ತೆಗೆಯಬೇಕು. ‘ಗ್ಯಾಸ್ಟ್ರಿಕ್’ ಎಂದು ಎಂಡೋಸ್ಕೋಪಿ ಮಾಡಿಸಿ ‘ಎಲ್ಲ ಸರಿ ಇದೆ’ ಎಂದು ಬಂದ ಹಳೆಯ ರಿಪೋರ್ಟಿನಲ್ಲಿ ಬಯಾಪ್ಸಿಯನ್ನೇ (ಪರೀಕ್ಷೆಗೆಂದು ಕರುಳಿನ ಚೂರು) ತೆಗೆದಿರದಿದ್ದರೆ ಅದು ಸೀಲಿಯಾಕ್ ಇಲ್ಲ ಎನ್ನುವುದಕ್ಕೆ ಪುರಾವೆಯಲ್ಲ. ಕಾರವಾರದವರು ಗೋವಾದ ಬಾಂಬೋಳಿಗೆ, ಹೊನ್ನಾವರ ಭಟ್ಕಳದವರು ಮಣಿಪಾಲಕ್ಕೆ, ಶಿರಸಿ ಕಡೆಯವರು ಹುಬ್ಬಳ್ಳಿಗೆ ಹೋಗುವುದು ವಾಡಿಕೆ. ಒಂದು ದಿನದ ಕೆಲಸ. ಆರರಿಂದ ಎಂಟು ತಾಸು ಉಪವಾಸ ಬೇಕಾಗುತ್ತದಾದ್ದರಿಂದ ಘಟ್ಟ ಇಳಿದು ಹತ್ತಿ ಹೋಗುವವರು ಹಿಂದಿನ ರಾತ್ರಿಯೇ ಊರು ಸೇರಿಕೊಂಡರೆ ಆರಾಮ.

ಒಬ್ಬರಿಗೆ ಖಾತ್ರಿಯಾಯಿತು. ಮನೆಯಲ್ಲಿ ಇನ್ಯಾರಿಗೆಲ್ಲ ಮಾಡಿಸಬೇಕು?

ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು. ಲಕ್ಷಣ ಇಲ್ಲದಿದ್ದರೂ ಮಾಡಿಸಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ನೂರಕ್ಕೆ ಏಳೆಂಟು ಜನರಿಗೆ ಇರುತ್ತದೆ, ಅದರಲ್ಲೂ ಒಡಹುಟ್ಟಿದವರಿಗೆ ಹೆಚ್ಚು. ಗಂಡ ಅಥವಾ ಹೆಂಡತಿಗೆ ಬೇಕಿಲ್ಲ, ಅವರಿಗೇ ಬೇರೆ ಸುಳಿವಿದ್ದರಷ್ಟೇ. ಒಮ್ಮೆ ನೆಗೆಟಿವ್ ಬಂದರೂ ಮಕ್ಕಳಿಗೆ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ನೋಡುವುದು ಒಳ್ಳೆಯದು, ಯಾಕೆಂದರೆ ಇದು ಯಾವ ವಯಸ್ಸಿನಲ್ಲಾದರೂ ತಲೆಯೆತ್ತಬಹುದು. ಎಲ್ಲರ ರಕ್ತ ಕೊಟ್ಟಾದ ಮೇಲೆಯೇ ಮನೆಯ ಅಡುಗೆ ಬದಲಿಸಿ.

ಎಲ್ಲ ಟೆಸ್ಟ್ ನೆಗೆಟಿವ್. ಆದ್ರೆ ಚಪಾತಿ ಬಿಟ್ರೆ ನಿಜವಾಗ್ಲೂ ಆರಾಮ ಅನ್ಸತ್ತೆ. ಸುಳ್ಳಾ?

ಸುಳ್ಳಲ್ಲ. ಗೋಧಿಯಲ್ಲಿ ಗ್ಲುಟನ್ ಅಲ್ಲದೆ ಫ್ರಕ್ಟಾನ್ ಎಂಬ ಸಕ್ಕರೆಸರಪಳಿಯೂ ಇದೆ. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿನಲ್ಲಿ ಹುಳಿತು ಗಾಳಿ ತುಂಬಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಇರುವುದರಿಂದ ಅವಕ್ಕೂ ಹೊಟ್ಟೆ ಉಬ್ಬುತ್ತಿದ್ದರೆ ಅನುಮಾನ ಆ ಕಡೆ ಹೋಗಬೇಕು. ಹಾಲಿನ ಲ್ಯಾಕ್ಟೋಸ್ ಅರಗದಿರುವುದು ದಕ್ಷಿಣದಲ್ಲಿ ಬಹಳ ಸಾಮಾನ್ಯ. ಎರಡು ವಾರ ಹಾಲು ಬಿಟ್ಟು ಮಜ್ಜಿಗೆ ಮಾತ್ರ ಇಟ್ಟುಕೊಂಡು ನೋಡಿ. ಸೀಲಿಯಾಕ್ ಇಲ್ಲವೆಂದು ಖಾತ್ರಿಯಾದವರು ಗೋಧಿ ಕಡಿಮೆ ಮಾಡಿಕೊಂಡರೆ ಸಾಕು, ಇಂಗು ಗಿರಣಿ ಎಂದು ಮುಂದೆ ಬರುವ ಕಟ್ಟುನಿಟ್ಟು ಅವರಿಗೆ ಬೇಡ.

## ಅಡುಗೆಮನೆಯ ಪ್ರಶ್ನೆಗಳು

ಏನು ತಿನ್ನಬಹುದು, ಏನು ಬಿಡಬೇಕು? ನಮ್ಮ ಅಡುಗೆ ಲೆಕ್ಕದಲ್ಲಿ ಹೇಳಿ.

ಈ ಪಥ್ಯಕ್ಕೆ ನಮ್ಮ ಜಿಲ್ಲೆಯ ಅಡುಗೆಯಷ್ಟು ಅನುಕೂಲದ್ದು ಬೇರೆ ಕಡಿಮೆ. ಕುಚಲಕ್ಕಿ ಗಂಜಿ, ತೆಳ್ಳೇವು, ನೀರುದೋಸೆ, ಉದ್ದಿನ ದೋಸೆ, ಇಡ್ಲಿ, ಒತ್ತುಶಾವಿಗೆ, ಹಲಸಿನ ಕಡುಬು, ಪತ್ರೊಡೆ, ತೊಡದೇವು, ಅವಲಕ್ಕಿ, ತಂಬುಳಿ, ಹಶಿ, ಸೋಲ್‌ಕಡಿ, ಮೀನುಸಾರು ಯಾವುದಕ್ಕೂ ಗೋಧಿ ಬೇಡ. ರಾಗಿ, ಜೋಳ, ಸಜ್ಜೆ, ನವಣೆ, ಸಾಬಕ್ಕಿಯೂ ಸರಿ.

ಬಿಡಬೇಕಾದವು: ಚಪಾತಿ, ಪೂರಿ, ಪಾವ್, ಬನ್ಸ್, ಗೋಳಿಬಜೆ, ಉಪ್ಪಿಟ್ಟು, ಶೀರಾ, ರವೆ ಇಡ್ಲಿ, ರವೆ ಉಂಡೆ, ಹೋಳಿಗೆ, ಅಂಗಡಿಯ ಗೋಧಿ ಶಾವಿಗೆ, ಬಿಸ್ಕೀಟು. ಮೈದಾ, ಚಿರೋಟಿ ರವೆ, ಬನ್ಸಿ ರವೆ ಎಲ್ಲವೂ ಗೋಧಿಯೇ. ಇಡ್ಲಿ ರವೆ ಅಕ್ಕಿಯದ್ದು, ಅಡ್ಡಿಯಿಲ್ಲ.

ಎಡವುವುದು ನಡುವಿನವುಗಳಲ್ಲಿ. ಬಂಗಡೆ, ಇಸೋಣ, ನೊಗ್ಲಿ ಕರಿಯುವಾಗ ಮೇಲೆ ಹೊರಳಿಸುವ ರವೆ ಗೋಧಿಯದು. ಅದರ ಬದಲು ತರಿತರಿಯಾದ ಅಕ್ಕಿಹಿಟ್ಟು ಬಳಸಿದರೆ ಅಷ್ಟೇ ಗರಿ ಬರುತ್ತದೆ. ಕೋಳಿಸಾರಿನ ಜೊತೆಯ ವಡೆಗೆ ಅಕ್ಕಿಹಿಟ್ಟಿನ ಜೊತೆ ಗೋಧಿಹಿಟ್ಟು ಕಲಸುವ ಮನೆಗಳಿವೆ. ಸುಕ್ಕಿನುಂಡೆಯ ಹೊರಹಿಟ್ಟಿಗೆ ಅಕ್ಕಿಯ ಬದಲು ಮೈದಾ ಹಾಕುವವರಿದ್ದಾರೆ. ಉರಿಮೂತ್ರಕ್ಕೆಂದು ಕುಡಿಯುವ ಬಾರ್ಲಿ ನೀರು, ಮಕ್ಕಳ ಹಾಲಿಗೆ ಹಾಕುವ ಹಾರ್ಲಿಕ್ಸ್, ಬೋರ್ನ್‌ವಿಟಾದಂಥ ಮಾಲ್ಟ್ ಪುಡಿಗಳು, ಬಿಯರ್ ಇವೆಲ್ಲ ವರ್ಜ್ಯ. ಅಂಗಡಿಯ ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ.

ಇಂಗಿನಲ್ಲೂ ಗೋಧಿ ಇದೆಯಂತೆ, ಹೌದಾ?

ಹೌದು, ನಮ್ಮ ಅಡುಗೆಮನೆಯಲ್ಲಿ ಎಲ್ಲರ ಕಣ್ಣು ತಪ್ಪಿಸುವುದು ಇದೇ. ಡಬ್ಬಿಯಲ್ಲಿ ಸಿಗುವ ಇಂಗು ಶುದ್ಧ ಇಂಗಲ್ಲ. ಶುದ್ಧ ಇಂಗು ಗಿಡದ ಅಂಟು, ವಾಸನೆ ತೀರ ಖಾರ. ಅದನ್ನು ಗೋಂದು ಮತ್ತು ಹಿಟ್ಟಿನ ಜೊತೆ ಬೆರೆಸಿ ಮಾರುತ್ತಾರೆ, ಆ ಹಿಟ್ಟು ಸಾಮಾನ್ಯವಾಗಿ ಗೋಧಿಯದ್ದೋ ಮೈದಾದ್ದೋ ಆಗಿರುತ್ತದೆ. ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ. ಅಪ್ಪೆಹುಳಿಗೆ, ತಂಬುಳಿ ಒಗ್ಗರಣೆಗೆ, ಉಪ್ಪಿನಕಾಯಿಗೆ, ಚಕ್ಕುಲಿ ಹಿಟ್ಟಿಗೆ, ಸಾರಿನ ಪುಡಿಗೆ ಬೀಳುವುದು ಚಿಟಿಕೆಯೇ ಆದರೂ ದಿನಕ್ಕೆ ಎರಡು ಹೊತ್ತು, ವರ್ಷವಿಡೀ ಬೀಳುತ್ತದೆ. ಎಲ್ಲ ಪಥ್ಯ ಮಾಡಿದರೂ ಟಿಟಿಜಿ ಇಳಿಯದ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಇಂಗಿನ ಡಬ್ಬಿ.

ಚೂರು ತಿಂದ್ರೆ ಏನಾಗತ್ತೆ? ಏನೂ ಆಗಲ್ಲ ಅನ್ನಿಸತ್ತೆ.

ತಿಂದಾಗ ಏನೂ ಅನ್ನಿಸದಿದ್ದರೂ ಕರುಳಿಗೆ ತಟ್ಟುತ್ತದೆ. ದಿನಕ್ಕೆ 10 ಮಿಲಿಗ್ರಾಂ ಗ್ಲುಟನ್ ಅನ್ನು ಹೆಚ್ಚಿನವರ ಕರುಳು ತಾಳಿಕೊಳ್ಳುತ್ತದೆ. 50 ಮಿಲಿಗ್ರಾಂ ದಿನವೂ ಹೋದರೆ ಮೂರು ತಿಂಗಳಲ್ಲಿ ಹಾನಿ ಕಾಣಿಸುತ್ತದೆ. ಒಂದು ಚಪಾತಿಯನ್ನು ಅರವತ್ತು ಚೂರು ಮಾಡಿದರೆ ಅದರಲ್ಲೊಂದು ಚೂರು ಆ 50 ಮಿಲಿಗ್ರಾಂ.

ಗಿರಣಿಯಲ್ಲಿ ಅಕ್ಕಿ ಬೀಸಿಸಿದ್ರೆ ತೊಂದರೆಯಾ?

ಇದೆ. ನಿಮ್ಮ ಅಕ್ಕಿಗಿಂತ ಮೊದಲು ಗೋಧಿ ಬೀಸಿದ್ದರೆ ಕಲ್ಲಿನಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಉಳಿದದ್ದೆಲ್ಲ ನಿಮ್ಮ ಡಬ್ಬಕ್ಕೆ ಬರುತ್ತದೆ. ಒಂದು ಕಿಲೋ ಅಕ್ಕಿಹಿಟ್ಟಿಗೆ ಒಂದು ಚಮಚ ಗೋಧಿಹಿಟ್ಟು ಸೇರಿದರೂ ಗ್ಲುಟನ್ ರಹಿತ ಆಹಾರದ ಮಿತಿಯಾದ ಕಿಲೋಗೆ 20 ಮಿಲಿಗ್ರಾಂ ಅನ್ನು ಹತ್ತಾರು ಪಟ್ಟು ಮೀರುತ್ತದೆ. ಅಕ್ಕಿ ತೊಳೆದು ನೆರಳಲ್ಲಿ ಆರಿಸಿ ಮಿಕ್ಸಿಯಲ್ಲಿ ಬೀಸಿ ಜರಡಿ ಹಿಡಿಯುವುದು ಒಳ್ಳೆಯದು. ಆ ಜರಡಿ ಗೋಧಿಗೆ ಬಳಸಿದ್ದಾಗಿರಬಾರದು. ದೊಡ್ಡ ಕುಟುಂಬವಾದರೆ ಮನೆಗೇ ಸಣ್ಣ ಬೀಸುವ ಯಂತ್ರ ತಂದು ಅದರಲ್ಲಿ ಗೋಧಿ ಹಾಕದಿರಿ. ಬೇರೆ ದಾರಿಯೇ ಇಲ್ಲದಿದ್ದರೆ ಗಿರಣಿಯವರಿಗೆ ಹೇಳಿ, ಅವರು ಕಲ್ಲು ಬಿಚ್ಚಿ ತೊಳೆಯುವ ದಿನ ಮೊದಲ ಸರದಿ ಹಿಡಿಯಿರಿ. ಮೊದಲು ಬಂದ ಒಂದೆರಡು ಕಿಲೋ ಹಿಟ್ಟನ್ನು ದನಕ್ಕೆ ಹಾಕಿ. ಇದು ಅಪಾಯ ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಮನೆಯೊಳಗೂ ಇದೇ ನಿಯಮ. ಚಪಾತಿ ಮಣೆ, ಲಟ್ಟಣಿಗೆ, ಕಾವಲಿ ಬೇರೆ ಇರಲಿ. ಪೂರಿ ಕರಿದ ಎಣ್ಣೆಯಲ್ಲಿ ಚಕ್ಕುಲಿ ಕರಿಯಬೇಡಿ. ಸ್ಟೀಲ್ ಪಾತ್ರೆ ತೊಳೆದರೆ ಶುದ್ಧ, ಗೀರು ಬಿದ್ದ ಮರದ ಸೌಟು ಶುದ್ಧವಾಗದು.

ಮದುವೆ ಮನೆ, ಪೂಜೆ ಪ್ರಸಾದ, ಚರ್ಚಿನ ಪರಮಪ್ರಸಾದ. ಇದಕ್ಕೆಲ್ಲ ಏನು ಮಾಡೋದು?

ಊಟದ ಮನೆಯಲ್ಲಿ ಅಡುಗೆ ಭಟ್ಟರನ್ನೇ ಹಿಂದಿನ ದಿನ ಕಂಡು ಮಾತಾಡುವುದು ಬಡಿಸುವವರನ್ನು ಕೇಳುವುದಕ್ಕಿಂತ ಪ್ರಯೋಜನಕಾರಿ. ಸಾರು, ಹುಳಿ, ಗೊಜ್ಜಿಗೆ ಯಾವ ಇಂಗು? ಮಜ್ಜಿಗೆಹುಳಿ ದಪ್ಪವಾಗಲು ಏನು ಹಾಕುತ್ತೀರಿ? ಈ ಎರಡು ಸಾಕು. ಅನ್ನ, ತುಪ್ಪ, ಮೊಸರು, ಹಣ್ಣು ಯಾವಾಗಲೂ ಇರುತ್ತದೆ.

ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಗೋಧಿ ರವೆಯದು. ಮನೆಯಲ್ಲಿ ಪೂಜೆ ಇಟ್ಟುಕೊಂಡವರು ಅಕ್ಕಿಯದ್ದನ್ನೇ ಮಾಡಬಹುದು. ಗೋಧಿ ಇಲ್ಲದಿದ್ದಲ್ಲಿ ಅಕ್ಕಿಹಿಟ್ಟು ಆಗಬಹುದೆಂದು ವ್ರತಕಥೆಯೇ ಹೇಳುತ್ತದೆ. ಬೇರೆಯವರ ಮನೆಯಲ್ಲಾದರೆ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಟ್ಟು, ತೀರ್ಥ ಮತ್ತು ಬಾಳೆಹಣ್ಣು ತೆಗೆದುಕೊಳ್ಳಿ. ಚೌತಿಯ ಅಕ್ಕಿ ಮೋದಕ, ಪಂಚಕಜ್ಜಾಯ ಸರಿ, ಗೋಧಿ ಕಣಕದ ಕರಿದ ಮೋದಕ ಬೇಡ.

ಕ್ಯಾಥೊಲಿಕ್ ಚರ್ಚಿನಲ್ಲಿ ಪೂರ್ತಿ ಗೋಧಿರಹಿತ ರೊಟ್ಟಿಗೆ ಒಪ್ಪಿಗೆಯಿಲ್ಲ, ಅತಿ ಕಡಿಮೆ ಗ್ಲುಟನ್‌ನದ್ದಕ್ಕೆ ಇದೆ. ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸುವುದೂ ಪೂರ್ಣ ಪರಮಪ್ರಸಾದವೇ. ಗುರುಗಳಿಗೆ ಮೊದಲೇ ತಿಳಿಸಿ, ರೊಟ್ಟಿಯ ಚೂರು ಬೀಳದ ಬೇರೆ ಪಾತ್ರೆ ಕೇಳಿಕೊಳ್ಳಿ.

‘ಗ್ಲುಟನ್ ಫ್ರೀ’ ಪ್ಯಾಕೆಟ್ ಮತ್ತು ಓಟ್ಸ್ ತರಬಹುದಾ?

ಪ್ಯಾಕೆಟ್ ಅಗತ್ಯವೇ ಇಲ್ಲ, ಅಕ್ಕಿ ಇರುವವರೆಗೆ. ಹಾಗೆ ಬರೆದ ಬಿಸ್ಕೀಟುಗಳಲ್ಲಿ ಸಕ್ಕರೆ, ಕೊಬ್ಬು ಜಾಸ್ತಿ. ಓಟ್ಸ್ ಶುದ್ಧವಾಗಿದ್ದರೆ ಹೆಚ್ಚಿನವರಿಗೆ ಆಗುತ್ತದೆ, ಆದರೆ ಸಾಮಾನ್ಯ ಓಟ್ಸ್‌ಗೆ ಹೊಲದಿಂದಲೇ ಗೋಧಿ, ಬಾರ್ಲಿ ಬೆರೆತಿರುತ್ತದೆ. ಮೊದಲ ವರ್ಷ ಬೇಡ.

## ಮುಂದಿನ ಹಂತದ ಪ್ರಶ್ನೆಗಳು

ಜೀನ್ ಟೆಸ್ಟ್ ಮಾಡಿಸಿದ್ರೆ ಒಂದೇ ಸಲಕ್ಕೆ ಮುಗಿಯಲ್ವಾ?

ಸೀಲಿಯಾಕ್‌ಗೆ ಬೇಕಾದ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿಗಳ ಪರೀಕ್ಷೆ ‘ಇಲ್ಲ’ ಎನ್ನಲು ಮಾತ್ರ ಒಳ್ಳೆಯದು. ಎರಡೂ ಇಲ್ಲವೆಂದಾದರೆ ಸೀಲಿಯಾಕ್ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ, ಸೀಲಿಯಾಕ್ ಇರುವವರ ಮನೆಯ ಮಗುವಿಗೆ ಎರಡು ಮೂರು ವರ್ಷಕ್ಕೊಮ್ಮೆ ರಕ್ತ ತೆಗೆಸುವ ಕಾಟ ತಪ್ಪುತ್ತದೆ. ಪಾಸಿಟಿವ್ ಬಂದರೆ ಏನೂ ಸಾಬೀತಾಗದು, ಮೂರರಲ್ಲಿ ಒಬ್ಬರಿಗೆ ಅದು ಇದ್ದೇ ಇದೆ. ಗೋಧಿ ಬಿಟ್ಟಾಗಿದೆ, ಮರಳಿ ತಿನ್ನಲು ಆಗುತ್ತಿಲ್ಲ ಎನ್ನುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಬಯಾಪ್ಸಿಯಲ್ಲಿ ಕರುಳು ಸವೆದಿದೆ, ಟಿಟಿಜಿ ಮಾತ್ರ ನೆಗೆಟಿವ್. ಪಥ್ಯದಿಂದಲೂ ಗುಣವಿಲ್ಲ.

ಸವೆದ ಕರುಳೆಲ್ಲ ಸೀಲಿಯಾಕ್ ಅಲ್ಲ, ದಕ್ಷಿಣ ಭಾರತದಲ್ಲಂತೂ ಇದನ್ನು ಒತ್ತಿ ಹೇಳಬೇಕು. ಟ್ರಾಪಿಕಲ್ ಸ್ಪ್ರೂ ಎಂಬ ಕಾಯಿಲೆ ನಮ್ಮ ಹವೆಯಲ್ಲಿ ಹಳೆಯದು. ದೀರ್ಘ ಭೇದಿ, ನಾಲಿಗೆ ಉರಿ, ಬಿ12 ಮತ್ತು ಫೋಲಿಕ್ ಆಮ್ಲ ಎರಡೂ ಕಡಿಮೆ ಇರುವುದು ಅದರ ಗುರುತು. ಅದಕ್ಕೆ ಪಥ್ಯವಲ್ಲ, ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಮತ್ತು ಫೋಲಿಕ್ ಆಮ್ಲವನ್ನು ಮೂರರಿಂದ ಆರು ತಿಂಗಳು ಕೊಡುತ್ತಾರೆ. ಜಿಯಾರ್ಡಿಯಾ, ಕರುಳಿನ ಕ್ಷಯ, ಐಜಿಎ ಕೊರತೆಯನ್ನೂ ನೋಡಬೇಕು. ಬಿಪಿಗೆ ಓಲ್ಮಿಸಾರ್ಟನ್ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ. ಅಪರೂಪಕ್ಕೆ ಅದೊಂದೇ ಸೀಲಿಯಾಕ್‌ನಂತೆಯೇ ಕರುಳು ಸವೆಸುತ್ತದೆ, ಮಾತ್ರೆ ಬದಲಿಸಿದರೆ ಸರಿಹೋಗುತ್ತದೆ. ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ.

ಸೀಲಿಯಾಕ್ ಖಾತ್ರಿಯಾಗಿ ಪಥ್ಯ ಶುರುವಾಗಿದೆ. ಯಾವಾಗ ಸರಿಹೋಗತ್ತೆ, ಮತ್ತೆ ಯಾವ ಟೆಸ್ಟ್?

ಭೇದಿ, ಉಬ್ಬರ ಕೆಲವು ವಾರಗಳಲ್ಲೇ ತಗ್ಗುತ್ತದೆ. ಹಾಲು ಅರಗದವರಿಗೂ ಕರುಳು ಗುಣವಾದಂತೆ ಅರಗತೊಡಗಬಹುದು. ರಕ್ತ ತುಂಬಿಕೊಳ್ಳಲು ತಿಂಗಳುಗಳು ಬೇಕು. ಕರುಳು ಪೂರ್ತಿ ಗುಣವಾಗಲು ಮಕ್ಕಳಿಗಿಂತ ದೊಡ್ಡವರಿಗೆ ತಡ, ಎರಡು ವರ್ಷ ದಾಟುವುದೂ ಉಂಟು. ಟಿಟಿಜಿಯನ್ನು ಆರನೇ ತಿಂಗಳು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಅದೇ ಲ್ಯಾಬಿನಲ್ಲಿ ಮಾಡಿಸಿ. ಮೊದಲ ಸಲವೇ ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಟಿಎಸ್‌ಎಚ್, ಲಿವರ್ ಎನ್‌ಜೈಮ್ ನೋಡಿಸಿ, ದೊಡ್ಡವರಿಗೆ ಮೂಳೆ ಸಾಂದ್ರತೆಯ ಸ್ಕ್ಯಾನ್ ಬೇಕೇ ಎಂದು ಕೇಳಿ. ಮೀನು ಮುಟ್ಟದ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ ಇರುತ್ತದೆ, ಅದಕ್ಕೆ ಮಾತ್ರೆಯೋ ಇಂಜೆಕ್ಷನ್ನೋ ಬೇಕಾಗುತ್ತದೆ.

ಶುಗರ್ ಇರುವವರು, ಥೈರಾಯ್ಡ್ ಮಾತ್ರೆ ನುಂಗುವವರು ಇನ್ನೊಂದನ್ನು ಗಮನಿಸಬೇಕು. ಕರುಳು ಹೀರಲು ಶುರು ಮಾಡಿದಾಗ ಹಳೆಯ ಡೋಸು ಹೆಚ್ಚಾಗಬಹುದು. ಎದೆಬಡಿತ, ಬೆವರು, ನಡುಕ ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಶುಗರ್ ನೋಡಿಕೊಂಡು ವೈದ್ಯರಿಗೆ ಫೋನ್ ಮಾಡಿ.